ಸೋಫಾದ ಕಡೆಗೆ ಮುಖ ಮಾಡಿದ ರಂಗಮಂಚ

ಲಂಡನ್ನಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮೊನ್ನೆ ಒಂದು ವಿಡಿಯೊ ಕಳುಹಿಸಿದ್ದನು. ಹುಮನಾಬಾದಿನಲ್ಲಿ ನಾನು ಇತಿಹಾಸ ಪಾಠ ಹೇಳುತ್ತಿದ್ದ ದಿನಗಳಲ್ಲಿ ಕೊನೆಯ ಬೆಂಚಿನಲ್ಲಿ ಕುಳಿತು ಡೆಸ್ಕಿನ ಮೇಲೆ ತಾಳ ಹಾಕುತ್ತಿದ್ದ ಹುಡುಗ ಅವನು. ಆ ತಾಳಕ್ಕಾಗಿ ನನ್ನಿಂದ ಒಮ್ಮೆ ಏಟನ್ನೂ ತಿಂದಿದ್ದಾನೆ. (ಇದನ್ನು ಓದುತ್ತಿದ್ದರೆ ಕ್ಷಮಿಸಿಬಿಡಪ್ಪಾ.) ವಿಡಿಯೊದಲ್ಲಿ ಇದ್ದದ್ದು ಇಂಗ್ಲೆಂಡಿನ ‘ರಾಯಲ್ ವೆರೈಟಿ ಪರ್ಫಾರ್ಮೆನ್ಸ್’. 2024ರ ನವೆಂಬರಿನಲ್ಲಿ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ದೊರೆ ಮೂರನೆಯ ಚಾರ್ಲ್ಸನ ಸಮ್ಮುಖದಲ್ಲಿ ನಡೆದ ಹಾಡು, ಕುಣಿತ, ಹಾಸ್ಯಗಳ ಒಂದು ರಾತ್ರಿ. ಅದರ ಕೆಳಗೆ ಅವನು ಬರೆದಿದ್ದನು: “ಗುರುಗಳೇ, ನಮ್ಮ ಕಲ್ಯಾಣದಾಗೂ ಇಂಥಾದ್ದೊಂದು ಆಗಬೇಕ್ರಿ.”

ಎರಡು ದಿನ ಈ ಮಾತು ನನ್ನನ್ನು ಕಾಡಿತು. ನಮ್ಮಲ್ಲಿ ಅದು ಇಲ್ಲವೆಂಬ ಕೊರಗಿನಿಂದಲ್ಲ. ಅದು ನಮ್ಮಲ್ಲಿ ಆಗಲೇ ಇದೆ, ಆದರೆ ತಲೆಕೆಳಗಾಗಿ ಇದೆ ಎಂಬುದನ್ನು ಅವನಿಗೆ ಹೇಗೆ ತಿಳಿಸುವುದೆಂದು ಯೋಚಿಸಿದೆ. ಉತ್ತರ ಉದ್ದವಾಯಿತು. ಆದ್ದರಿಂದ ಎಲ್ಲರೂ ಓದಲೆಂದು ಇಲ್ಲಿಯೇ ಬರೆಯುತ್ತಿದ್ದೇನೆ.

ಮೊದಲು ಆ ಇಂಗ್ಲಿಷರ ಪದ್ಧತಿಯನ್ನು ನೋಡೋಣ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ‘ಮ್ಯೂಸಿಕ್ ಹಾಲ್’ ಎಂಬ ರಂಗಮಂದಿರಗಳಿದ್ದವು. ನಮ್ಮ ಕಂಪನಿ ನಾಟಕದ ಟೆಂಟನ್ನು ನೆನಪಿಸಿಕೊಳ್ಳಿ. ದುಡಿಯುವ ಜನ ತಿಂದು ಕುಡಿದು ಕೇಕೆ ಹಾಕುತ್ತ ಹಾಡು, ಹಾಸ್ಯ, ಜಾದು, ದೊಂಬರಾಟಗಳನ್ನು ನೋಡುವ ಜಾಗ. ದೊಡ್ಡ ಮನುಷ್ಯರು ಅತ್ತ ಬಹಿರಂಗವಾಗಿ ಹೋಗುತ್ತಿರಲಿಲ್ಲ. ದೆಹಲಿಯಲ್ಲಿ 1911ರ ಡಿಸೆಂಬರಿನಲ್ಲಿ ದರ್ಬಾರು ನಡೆಸಿ ನಮ್ಮ ಸಂಸ್ಥಾನಿಕರಿಂದ ಮುಜರೆ ಸ್ವೀಕರಿಸಿಹೋದ ಐದನೆಯ ಜಾರ್ಜ್ ದೊರೆಯೇ, ಏಳು ತಿಂಗಳು ಕಳೆಯುವಷ್ಟರಲ್ಲಿ, 1912ರ ಜುಲೈ 1ರಂದು, ಲಂಡನ್ನಿನ ಪ್ಯಾಲೇಸ್ ಥಿಯೇಟರಿಗೆ ಹೋಗಿ ಈ ಜನಸಾಮಾನ್ಯರ ಕಲಾವಿದರ ಪ್ರದರ್ಶನವನ್ನು ನೋಡಿದನು. ಅದಕ್ಕೂ ಹಿಂದಿನ ವರ್ಷವೇ ಎಡಿನ್‌ಬರೊದಲ್ಲಿ ನಡೆಯಬೇಕಿದ್ದದ್ದು, ಅಲ್ಲಿನ ರಂಗಮಂದಿರಕ್ಕೆ ಬೆಂಕಿ ಬಿದ್ದು ನಿಂತುಹೋಗಿತ್ತು.

ದೊರೆ ಬಂದನೆಂದರೆ ಏನಾಗಬೇಕೋ ಅದೇ ಆಯಿತು. ಆ ಕಾಲದಲ್ಲಿ ಜನರಿಗೆ ಅತ್ಯಂತ ಪ್ರಿಯಳಾಗಿದ್ದ ಗಾಯಕಿ ಮೇರಿ ಲಾಯ್ಡ್. ಅವಳ ಹಾಡುಗಳಲ್ಲಿ ತುಸು ಪೋಲಿತನವಿತ್ತು; ಮೇಲಾಗಿ 1907ರಲ್ಲಿ ಮ್ಯೂಸಿಕ್ ಹಾಲ್ ಕಲಾವಿದರು ಮಾಲಿಕರ ವಿರುದ್ಧ ಮುಷ್ಕರ ಹೂಡಿದಾಗ ಅವಳು ಮುಷ್ಕರಗಾರರ ಪರವಾಗಿ ನಿಂತಿದ್ದಳು. ಅವಳನ್ನು ಪಟ್ಟಿಯಿಂದ ಕೈಬಿಟ್ಟರು. ಗಂಡುಡುಗೆ ತೊಟ್ಟು ಹಾಡುತ್ತಿದ್ದ ವೆಸ್ಟಾ ಟಿಲಿ ವೇದಿಕೆಗೆ ಬಂದಾಗ ಮೇರಿ ರಾಣಿಯು ಕಾರ್ಯಕ್ರಮ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದಳಂತೆ. ಮೇರಿ ಲಾಯ್ಡ್ ಸುಮ್ಮನಿರಲಿಲ್ಲ; ಅದೇ ರಾತ್ರಿ ಬೇರೊಂದು ರಂಗಮಂದಿರದಲ್ಲಿ ಹಾಡಿ, ತನ್ನ ಪ್ರತಿಯೊಂದು ಪ್ರದರ್ಶನಕ್ಕೂ ಜನರದೇ ಅಪ್ಪಣೆಯಿದೆಯೆಂದು ಫಲಕ ಹಾಕಿಸಿದಳೆಂದು ಪ್ರತೀತಿ. ಕಥೆ ನಿಜವೋ ಕಟ್ಟಿದ್ದೋ, ನನಗೆ ಅವಳ ಮೇಲೆ ಗೌರವ.

ಹೀಗಿದ್ದರೂ ಆ ಪ್ರದರ್ಶನದಲ್ಲಿ ಒಂದು ಒಳ್ಳೆಯ ಅಂಶವಿತ್ತು; ನನ್ನ ಇಡೀ ತಕರಾರು ನಿಂತಿರುವುದು ಅದರ ಮೇಲೆಯೇ. ಅದು ದೊರೆಯ ಮನರಂಜನೆಗಾಗಿ ನಡೆದದ್ದಲ್ಲ. ದೊರೆಯ ಹೆಸರು ಮುಂದೆ ಮಾಡಿ ಹಣ ಕೂಡಿಸುವುದಕ್ಕಾಗಿ ನಡೆದದ್ದು. ಕಲಾವಿದರು ಸಂಭಾವನೆ ಪಡೆಯುವುದಿಲ್ಲ. ಬಂದ ಹಣವು ವಯಸ್ಸಾದ, ಕಾಯಿಲೆ ಬಿದ್ದ, ಕೈಬರಿದಾದ ಕಲಾವಿದರ ನಿಧಿಗೆ ಹೋಗುತ್ತದೆ. ಲಂಡನ್ನಿನ ಅಂಚಿನ ಟ್ವಿಕನ್‌ಹ್ಯಾಮ್‌ನಲ್ಲಿ ಬ್ರಿನ್ಸ್‌ವರ್ತ್ ಹೌಸ್ ಎಂಬ ಮನೆಯನ್ನು ಆ ನಿಧಿಯೇ ನಡೆಸಿಕೊಂಡು ಬಂದಿದೆ. ಹಾಡಿ ಕುಣಿದು ದಣಿದ ಕಲಾವಿದರು ಮುಪ್ಪಿನಲ್ಲಿ ಅಲ್ಲಿ ಇರುತ್ತಾರೆ. 1921ರಿಂದ ಈ ಪ್ರದರ್ಶನವು ವರ್ಷಂಪ್ರತಿ ನಡೆಯುವ ಪದ್ಧತಿಯಾಯಿತು. 1963ರಲ್ಲಿ ಬೀಟಲ್ಸ್ ತಂಡದ ಜಾನ್ ಲೆನನ್ ಎಂಬ ಹುಡುಗನು ಅಗ್ಗದ ಟಿಕೀಟಿನವರು ಚಪ್ಪಾಳೆ ತಟ್ಟಲಿ, ಉಳಿದವರು ಒಡವೆ ಅಲುಗಾಡಿಸಿದರೆ ಸಾಕೆಂದು ರಾಜಮಾತೆಯ ಎದುರಿಗೇ ಕುಚೋದ್ಯ ಮಾಡಿದನು. ಯಾರೂ ಅವನ ಮೈಕನ್ನು ಬಂದ್ ಮಾಡಲಿಲ್ಲ.

ಈಗ ನಮ್ಮ ಮನೆಗೆ ಬರೋಣ. ಇಂಥ ರಾಜಸಮ್ಮುಖದ ವಿವಿಧ ವಿನೋದಗಳನ್ನು ಇಂಗ್ಲಿಷರಿಂದ ಕಲಿಯಬೇಕಾದ ಊರಲ್ಲ ಬಸವಕಲ್ಯಾಣ. ಅದರ ಶಾಸ್ತ್ರಗ್ರಂಥವೇ ಇಲ್ಲಿ ಹುಟ್ಟಿತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಮೂರನೆಯ ದಶಕದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಿವೆ. ನಾಲ್ಕನೆಯದು ವಿನೋದ ವಿಂಶತಿ. ಆನೆ, ಕುದುರೆ, ಮಲ್ಲಯುದ್ಧ, ಕೋಳಿ ಮತ್ತು ಟಗರುಗಳ ಕಾಳಗ, ಗೀತ, ವಾದ್ಯ, ನೃತ್ಯ, ಕಥೆ, ಕೊನೆಗೆ ಜಾದುಗಾರರ ಚಮತ್ಕಾರ! ಪ್ಯಾಲೇಸ್ ಥಿಯೇಟರಿನ ಪಟ್ಟಿಗೂ ಇದಕ್ಕೂ ಆನೆಯೊಂದನ್ನು ಬಿಟ್ಟರೆ ಏನು ವ್ಯತ್ಯಾಸ? ಇದೇ ಸೋಮೇಶ್ವರನು ಕಲ್ಯಾಣದ ಉತ್ಸವವೊಂದರಲ್ಲಿ ಭಿಲ್ಲ ವೇಷದ ಹೆಣ್ಣಿನ ಕುಣಿತವನ್ನು ಕಂಡು ಮೆಚ್ಚಿ ‘ಗೌಂಡಲಿ’ ಎಂಬ ನೃತ್ಯಕ್ಕೆ ಶಾಸ್ತ್ರದಲ್ಲಿ ಸ್ಥಾನ ಕೊಟ್ಟನೆಂದು ಮುಂದಿನ ಶತಮಾನದ ಜಾಯಸೇನಾಪತಿ ತನ್ನ ‘ನೃತ್ತರತ್ನಾವಳಿ’ಯಲ್ಲಿ ಹೇಳುತ್ತಾನೆ. ನಮ್ಮ ಗೋಂಧಳಿಗರ ಗೋಂಧಳದ ಮೂಲವನ್ನು ಕೆಲವು ವಿದ್ವಾಂಸರು ಅಲ್ಲಿಯೇ ಕಾಣುತ್ತಾರೆ.

ಸೋಮೇಶ್ವರನ ಸಭೆಯ ನಡುವೆ ಇದ್ದದ್ದು ಸಿಂಹಾಸನ. ಅವನು ಕಣ್ಮರೆಯಾಗಿ ಮೂರು ದಶಕ ಕಳೆಯುವಷ್ಟರಲ್ಲಿ ಅದೇ ಊರಿನಲ್ಲಿ ಇನ್ನೊಂದು ಸಭೆ ಸೇರಿತು. ಅನುಭವ ಮಂಟಪವೆಂದು ನಾವು ಕರೆಯುವ ಆ ಶರಣರ ಕೂಟದಲ್ಲಿ ಯಾರು ಯಾರಿದ್ದರೆಂದು ನಾನು ತರಗತಿಯಲ್ಲಿ ಹೇಳುತ್ತಿದ್ದೆ, ನೆನಪಿದೆಯೇ? ಬಹುರೂಪ ಆಡುತ್ತಿದ್ದ ಚೌಡಯ್ಯ, ನಗಿಸುವುದನ್ನೇ ಕಾಯಕ ಮಾಡಿಕೊಂಡ ನಗೆಯ ಮಾರಿತಂದೆ, ತ್ರಿಪುರಾಂತಕೇಶ್ವರನ ಮುಂದೆ ಕಿನ್ನರಿ ನುಡಿಸುತ್ತಿದ್ದ ಬೊಮ್ಮಯ್ಯ, ಢಕ್ಕೆಯ ಬೊಮ್ಮಣ್ಣ. ಇವರೆಲ್ಲ ಸೋಮೇಶ್ವರನ ಕಾಲದಲ್ಲಾದರೆ ಅರಸನ ಮುಂದೆ ಆಡಿ, ಬಹುಮಾನ ಪಡೆದು, ಹಿಂದೆ ಸರಿಯುತ್ತಿದ್ದರು. ಇಲ್ಲಿ ಬಸವಣ್ಣನವರ ಸಮಕ್ಕೆ ಕುಳಿತು ಮಾತನಾಡಿದರು. ಸಕಲೇಶ ಮಾದರಸನೆಂಬ ಅರಸನು ತನ್ನ ರಾಜ್ಯ ಬಿಟ್ಟು ಬಂದು ಅವರ ನಡುವೆ ಕುಳಿತನು. ಇನ್ನು ಶೂನ್ಯಸಿಂಹಾಸನದ ಮೇಲೆ ಕೂಡಿಸಿದ್ದು ಯಾರನ್ನು? ಅಲ್ಲಮಪ್ರಭುವನ್ನು. ಹರಿಹರನ ರಗಳೆಯನ್ನು ನಂಬುವುದಾದರೆ ಅಲ್ಲಮನು ಮದ್ದಳೆ ಬಾರಿಸುತ್ತಿದ್ದವನು. ಮದ್ದಳೆಗಾರನನ್ನು ಮುಖ್ಯ ಆಸನದಲ್ಲಿ ಕೂಡಿಸಿ ಮಂತ್ರಿಯಾದ ಬಸವಣ್ಣನು ಕೆಳಗೆ ಕುಳಿತ ಊರು ನಮ್ಮದು.

ಆ ಊರಿರುವ ಜಿಲ್ಲೆಯಲ್ಲಿ ನಾವೀಗ ಉತ್ಸವಗಳನ್ನು ಹೇಗೆ ನಡೆಸುತ್ತಿದ್ದೇವೆ?

ನಾನು ಕಣ್ಣಾರೆ ಕಂಡದ್ದನ್ನೇ ಹೇಳುತ್ತೇನೆ. ಯಾವ ಉತ್ಸವ, ಯಾವ ವರ್ಷ ಎಂಬುದು ಬೇಡ; ಸಂಬಂಧಪಟ್ಟವರಲ್ಲಿ ನನ್ನ ವಿದ್ಯಾರ್ಥಿಗಳೂ ಇದ್ದರು. ನನಗೆ ಪರಿಚಯದ ಗೋಂಧಳಿಗರ ತಂಡವೊಂದಕ್ಕೆ ಕರೆ ಬಂದಿತ್ತು. ಸಂಬಳ, ತುಂತುಣಿ, ದೀವಟಿಗೆ ಹಿಡಿದು ನಾಲ್ವರು ಬೆಳಗ್ಗೆಯೇ ಬಸ್ಸಿನಲ್ಲಿ ಬಂದಿಳಿದರು. ಮಧ್ಯಾಹ್ನ ನಾಲ್ಕು ಗಂಟೆಗೆ, ಬಿಸಿಲು ಇನ್ನೂ ಇಳಿಯದಿದ್ದಾಗ, ಖಾಲಿ ಕುರ್ಚಿಗಳ ಮುಂದೆ ಅವರಿಗೆ ಆರು ನಿಮಿಷ ಕೊಟ್ಟರು. ಮುಂದಿನ ಸಾಲಿನಲ್ಲಿ ಬಿಳಿ ಟರ್ಕಿ ಟವೆಲು ಹೊದಿಸಿದ ಸೋಫಾಗಳಿದ್ದವು. ಅವುಗಳ ಮೇಲೆ ಯಾರೂ ಇರಲಿಲ್ಲ, ಆದರೆ ಯಾರೂ ಕೂಡದಂತೆ ಕಾಯಲು ಒಬ್ಬ ಪೊಲೀಸನಿದ್ದನು. ನಾಲ್ಕನೆಯ ನಿಮಿಷಕ್ಕೆ ಗಣ್ಯರೊಬ್ಬರ ಕಾರು ಬಂದಿತು. ಮೈಕು ನಿಂತಿತು. ಸ್ವಾಗತ, ಹಾರ, ಶಾಲು, ಭಾಷಣ. ಮತ್ತೆ ಇನ್ನೊಬ್ಬರ ಭಾಷಣ. ರಾತ್ರಿ ಸಿನಿಮಾ ಗಾಯಕರು ಬಂದರು. ಬೆಳಕು ಬಂದಿತು, ಜನವೂ ಬಂದಿತು. ಗೋಂಧಳಿಗರ ಉಳಿದ ಎರಡು ನಿಮಿಷ ಬರಲೇ ಇಲ್ಲ.

ಆ ತಂಡದ ಹಿರಿಯನು ವೇದಿಕೆಯ ಹಿಂದೆ ಸಂಬಳಕ್ಕೆ ಬಟ್ಟೆ ಸುತ್ತುತ್ತ ನನಗೆ ಹೇಳಿದನು: “ಅವ್ವ ಭವಾನಿ ಮುಂದ ರಾತ್ರಿ ಪೂರಾ ಹಾಡ್ತೀವ್ರಿ ಸರ. ಬೆಳಗಾದ್ರೂ ಆಕಿ ಸಾಕು ಅನ್ನಲ್ಲ. ಇವ್ರಿಗಿ ಆರು ಮಿನಿಟ್ ಭಾರ ಆಯ್ತು ನೋಡ್ರಿ.” ಅವರ ಸಂಭಾವನೆಯ ಹಣ ಬರಲು ಐದು ತಿಂಗಳು ಹಿಡಿಯಿತು. ಅರ್ಜಿ ಬರೆದುಕೊಟ್ಟವನು ನಾನೇ ಆದ್ದರಿಂದ ಲೆಕ್ಕ ನೆನಪಿದೆ.

“ಸ್ಥಳೀಯ ಕಲಾವಿದರಿಗೆ ಅವಕಾಶ ಕೊಟ್ಟಿದ್ದೇವೆ” ಎಂದು ಮರುದಿನ ಪತ್ರಿಕೆಯಲ್ಲಿ ಹೇಳಿಕೆ ಬಂದಿತು. ಈ ‘ಅವಕಾಶ’ ಎಂಬ ಶಬ್ದವನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಒಂಬತ್ತು ನೂರು ವರ್ಷಗಳಿಂದ ಈ ನೆಲದಲ್ಲಿ ಕುಣಿಯುತ್ತ ಬಂದಿರಬಹುದಾದವರಿಗೆ ನಿನ್ನೆ ಶಾಮಿಯಾನ ಹಾಕಿದವರು ಅವಕಾಶ ಕೊಡುತ್ತಾರಂತೆ!

ನನ್ನ ವಿದ್ಯಾರ್ಥಿಗೆ ಹೇಳುವುದಿಷ್ಟು. ರಾಜರ ಗಾಲಾ ಪದ್ಧತಿಯಿಂದ ನಾವು ಸೋಫಾವನ್ನು ತಂದೆವು, ಕಾಯುವಿಕೆಯನ್ನು ತಂದೆವು, ಮೇರಿ ಲಾಯ್ಡಳನ್ನು ಹೊರಗಿಡುವುದನ್ನೂ ತಂದೆವು. ಮುದಿ ಕಲಾವಿದನ ಮನೆಯನ್ನು ಮಾತ್ರ ತರಲಿಲ್ಲ. ಅಲ್ಲಿ ಹೆಸರಾಂತ ಗಾಯಕನು ಪುಕ್ಕಟೆ ಹಾಡುತ್ತಾನೆ, ಹಣ ಬಡ ಕಲಾವಿದನಿಗೆ ಹೋಗುತ್ತದೆ. ಇಲ್ಲಿ ಹಣದ ದೊಡ್ಡ ಪಾಲು ಹೆಸರಾಂತ ಗಾಯಕನಿಗೆ ಹೋಗುತ್ತದೆ. ಬಡ ಕಲಾವಿದನು ಹೆಚ್ಚುಕಡಿಮೆ ಪುಕ್ಕಟೆ ಹಾಡುತ್ತಾನೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯಿಂದ ವೃದ್ಧ ಕಲಾವಿದರಿಗೆ ಮಾಸಾಶನವಿದೆ, ಬಲ್ಲೆ, ಅದು ಇರಲೇಬೇಕು. ಆದರೆ ಉತ್ಸವಕ್ಕೂ ಅದಕ್ಕೂ ಸಂಬಂಧ ಕಲ್ಪಿಸಿದವರನ್ನು ನಾನು ಕಂಡಿಲ್ಲ.

ಜನರು ಸಿನಿಮಾ ಗಾಯಕರಿಗಾಗಿಯೇ ಬರುತ್ತಾರೆ, ಗೋಂಧಳ ನೋಡಲು ಯಾರು ಬರುತ್ತಾರೆ ಎಂದು ಕೇಳುವವರಿದ್ದಾರೆ. ನಡುಮಧ್ಯಾಹ್ನದ ಬಿಸಿಲಿನಲ್ಲಿ ಹಾಡಿಸಿದರೆ ಯಾವ ಗಾಯಕನಿಗೂ ಜನ ಸೇರುವುದಿಲ್ಲ. ನಾನು ಹುಡುಗನಾಗಿದ್ದಾಗ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಗೆ ನಾಟಕ ಕಂಪನಿಗಳು ಬರುತ್ತಿದ್ದವು. ನಮ್ಮದು ನೆಲದ ಟಿಕೀಟು. ಹಾಸ್ಯ ಪಾತ್ರಧಾರಿಯು ಮಾತು ಬಿಟ್ಟರೆ ಕುರ್ಚಿಯವರ ಕಡೆ ನೋಡುತ್ತಿರಲಿಲ್ಲ, ನಮ್ಮ ಕಡೆ ನೋಡುತ್ತಿದ್ದನು. ಗಲ್ಲಾ ತುಂಬುವುದು ನೆಲದವರಿಂದ ಎಂಬುದು ಅವನಿಗೆ ಗೊತ್ತಿತ್ತು. ಸರಕಾರದ ದುಡ್ಡಿನಲ್ಲಿ ನಡೆಯುವ ಉತ್ಸವಕ್ಕೆ ಗಲ್ಲಾ ಇಲ್ಲ. ಹೀಗಾಗಿ ಅದರ ಮುಖ ಸೋಫಾದ ಕಡೆಗೆ.

ದರ್ಬಾರು ಎಂದೊಡನೆ ಎಲ್ಲವೂ ಹೀಗೆಯೇ ಎಂದು ತಿಳಿಯಬೇಡಿ. ಹುಮನಾಬಾದಿನ ಮಗ್ಗುಲಲ್ಲೇ ಮಾಣಿಕನಗರವಿದೆ. ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ ಮಾಣಿಕಪ್ರಭುಗಳು 1845ರಲ್ಲಿ ನೆಲೆಗೊಳಿಸಿದ ಸ್ಥಳ. ಅಲ್ಲಿಯೂ ಗಾದಿಯಿದೆ, ದತ್ತ ಜಯಂತಿಗೆ ದರ್ಬಾರೆಂದೇ ಕರೆಯುವ ಸಂಗೀತಸಭೆಯಿದೆ. ಎಷ್ಟು ದೊಡ್ಡ ಗವಾಯಿಯಾದರೂ ಅಲ್ಲಿ ಹಾಡುವುದು ಸೇವೆಯೆಂದು. ನಾನು ಎಷ್ಟೋ ಸಲ ಆ ರಾತ್ರಿಗಳಲ್ಲಿ ಜಮಖಾನೆಯ ಮೇಲೆ ಕುಳಿತಿದ್ದೇನೆ. ಪಕ್ಕದಲ್ಲಿ ಹೊಲದಿಂದ ಬಂದ ರೈತ, ಇನ್ನೊಂದು ಪಕ್ಕದಲ್ಲಿ ಹೈದರಾಬಾದಿನ ಡಾಕ್ಟರು. ರಾಗ ನಡುವಿರುವಾಗ ಯಾರ ಕಾರು ಬಂದರೂ ಹಾಡು ನಿಂತದ್ದನ್ನು ನಾನು ಕಂಡಿಲ್ಲ. (ಭಕ್ತಿಯ ಮಾತು ಬೇಡವೆನ್ನುವವರು ಇದನ್ನು ಶಿಸ್ತಿನ ಮಾತೆಂದು ತಿಳಿದರೂ ಸಾಕು.)

ನನ್ನ ಬೇಡಿಕೆಗಳು ದೊಡ್ಡವಲ್ಲ. ಸೋಫಾಗಳಿಗೆ ಬೆಲೆ ಕಟ್ಟಿ. ಗಣ್ಯರು ಟಿಕೀಟು ಕೊಂಡು ಕೂಡಲಿ, ಆ ಹಣ ಜಿಲ್ಲೆಯ ವೃದ್ಧ ಕಲಾವಿದರ ಹೆಸರಿನ ನಿಧಿಗೆ ಹೋಗಲಿ. ಸಿನಿಮಾ ಗಾಯಕರ ಸಂಭಾವನೆಯ ಹತ್ತರಲ್ಲೊಂದು ಭಾಗವನ್ನು ಅದೇ ನಿಧಿಗೆ ಎತ್ತಿಡುವಂತೆ ಕರಾರು ಮಾಡಿಕೊಳ್ಳಿ. ಗೋಂಧಳ, ಭಜನೆ, ಕೋಲಾಟ, ಮೊಹರಂ ಪದಗಳನ್ನು ಸಿನಿಮಾ ಹಾಡುಗಳ ನಡುವೆ ರಾತ್ರಿಯೇ ಇಡಿ, ತಲಾ ಅರ್ಧ ಗಂಟೆ. ಭಾಷಣಗಳನ್ನು ಮಧ್ಯಾಹ್ನ ನಾಲ್ಕು ಗಂಟೆಗೆ ಹಾಕಿ. ಆರು ನಿಮಿಷ ಸಾಕು. ಕಲಾವಿದರಿಗೆ ಅದೇ ರಾತ್ರಿ ಹಣ ಕೊಟ್ಟು ಕಳುಹಿಸಿ. 2021ರ ಜನವರಿಯಲ್ಲಿ ಬಸವಕಲ್ಯಾಣದಲ್ಲಿ ನೂತನ ಅನುಭವ ಮಂಟಪಕ್ಕೆ ಅಡಿಗಲ್ಲು ಇಟ್ಟಿದ್ದಾರೆ. ನೂರಾರು ಕೋಟಿಯ ಆ ಕಟ್ಟಡ ಬೇಡವೆಂದು ನಾನು ಹೇಳುವುದಿಲ್ಲ. ಅದರ ಸಭಾಂಗಣದಲ್ಲಿ ಸೋಫಾದ ಸಾಲು ಇರಕೂಡದೆಂದು ಮಾತ್ರ ಹೇಳುತ್ತೇನೆ. ಹಾಗೆಯೇ ಅದರ ಮಗ್ಗುಲಲ್ಲಿ ಹತ್ತು ಕೋಣೆಗಳ ಒಂದು ಮನೆ ಕಟ್ಟಿ, ಹಾಡಲು ಗಂಟಲಿಲ್ಲದವರನ್ನು ಇರಿಸಿಕೊಳ್ಳಲಿ. ಸಂಬಳ ಬಾರಿಸುತ್ತಿದ್ದ ಆ ಹಿರಿಯನಿಗೆ ಅಂಥ ಮನೆ ಬೇಕಾಗಿತ್ತು. ಕೊನೆಯ ಎರಡು ವರ್ಷ ಅವನು ಮಗಳ ಮನೆಯ ಪಡಸಾಲೆಯಲ್ಲಿ ಕಳೆದನು. ವಾದ್ಯ ತೂಗುಹಾಕಲು ಅಲ್ಲಿ ಗೂಟವೂ ಇರಲಿಲ್ಲ.

ಈ ಬೇಡಿಕೆಗಳನ್ನು ಅರ್ಜಿಯ ರೂಪದಲ್ಲಿ ಬರೆದಿಟ್ಟಿದ್ದೇನೆ. ಸಹಿ ಹಾಕುವವರು ಭಾನುವಾರ ಮನೆಗೆ ಬನ್ನಿ, ಚಹಾ ಸಿಗುತ್ತದೆ. ಲಂಡನ್ನಿನವನು ಅಲ್ಲಿಂದಲೇ ಕಾಗದ ಬರೆದರಾಯಿತು. ಮುಂದಿನ ಉತ್ಸವಕ್ಕೆ ನನಗೆ ಸೋಫಾದ ಪಾಸು ಬಂದರೂ ನಾನು ಹಿಂದೆ ಜಮಖಾನೆ ಹಾಸಿದಲ್ಲಿಯೇ ಕೂಡುವವನಿದ್ದೇನೆ. ಹುಮನಾಬಾದಿನ ಹುಡುಗರು ಸ್ವಲ್ಪ ಮುಂಚೆ ಹೋಗಿ ಜಾಗ ಹಿಡಿದಿಡಿ. ಮೊಣಕಾಲು ನೋವು, ಕಂಬಕ್ಕೆ ಒರಗುವಂತಿದ್ದರೆ ಉತ್ತಮ.