ಕರುಳಿನ ಮುನಿಸು

ಹೊಟ್ಟೆನುಲಿತ, ಉಬ್ಬರ, ಒಂದು ದಿನ ಭೇದಿ, ಮರುದಿನ ಮಲಬದ್ಧತೆ, ಇವೆಲ್ಲಕ್ಕೂ ಮಿಗಿಲಾಗಿ ಕೈಕಾಲು ಸೋತುಹೋಗುವಂಥ ಆಯಾಸವೆಂದು ವಾಚಕ ಸೋದರಿಯೊಬ್ಬರು ನಮಗೆ ಬರೆದಿರುವರು. ವೈದ್ಯರ ಪರೀಕ್ಷೆಗಳಲ್ಲಿ ದೋಷವೇನೂ ಕಾಣಲಿಲ್ಲವಂತೆ. ಅಂದಿನಿಂದ ಮನೆಯವರು ಇದನ್ನು ಮನೋಭ್ರಮೆ ಎನ್ನತೊಡಗಿರುವರಂತೆ. ಈ ಮಾತನ್ನು ನಾವು ಸರ್ವಥಾ ಒಪ್ಪಲಾರೆವು.

ವೈದ್ಯರು ಇದನ್ನು 'ಇರಿಟಬಲ್ ಬವೆಲ್ ಸಿಂಡ್ರೋಮ್' ಎನ್ನುವರು. ಕರುಳಿನಲ್ಲಿ ಹುಣ್ಣಾಗಲಿ ಗಂಟಾಗಲಿ ಇರದು. ಕರುಳಿಗೂ ಮೆದುಳಿಗೂ ನಡುವಣ ನರಗಳ ವ್ಯವಹಾರವು ಏರುಪೇರಾಗಿ, ಇತರರಿಗೆ ತಿಳಿಯದೆಯೇ ಹೋಗುವ ವಾಯುವು ಇವರಿಗೆ ಶೂಲೆಯಾಗುವುದು. ನಮ್ಮ ಪ್ರಾಚೀನರ 'ಗ್ರಹಣಿ' ಶಬ್ದವು ಗ್ರಹ್ ಧಾತುವಿನಿಂದ ಬಂದುದು; ಅನ್ನವನ್ನು ಪಾಕವಾಗುವವರೆಗೆ ಹಿಡಿದಿಡುವ ಅಂಗವೆಂದು ಅರ್ಥ. (ಆ ಗ್ರಹಣೀರೋಗವೂ ಇದೂ ಒಂದೇ ಎಂದು ಬಗೆದು ಯಾರೂ ಚೂರ್ಣಕ್ಕಾಗಿ ಅಂಗಡಿಗೆ ಓಡಬಾರದು.)

ಈ ಸೋದರಿಯು ಭಯದಿಂದ ಪದಾರ್ಥಗಳನ್ನು ಒಂದೊಂದಾಗಿ ಬಿಡುತ್ತ ಬಂದು, ಈಗ ಗಂಜಿ ಮಜ್ಜಿಗೆಗಳಲ್ಲಿಯೇ ದಿನ ನೂಕುತ್ತಿರುವರು. ಆಯಾಸಕ್ಕೆ ಇದೂ ಒಂದು ಕಾರಣವಾಗಿರಲಾರದೆ? ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾನಿಲಯದವರು ರೂಪಿಸಿದ ಪಥ್ಯದ ಕ್ರಮವೇ ಬೇರೆ. ಕರುಳಿನಲ್ಲಿ ಹುಳಿತು ವಾಯುವನ್ನು ಹುಟ್ಟಿಸುವ ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಹಾಲು, ಕಾಳು ಮೊದಲಾದವನ್ನು 2ರಿಂದ 6 ವಾರಗಳ ಕಾಲ ಮಾತ್ರ ಬಿಟ್ಟು, ಬಳಿಕ ಒಂದೊಂದನ್ನೇ ಮರಳಿ ತಿಂದು ಪರೀಕ್ಷಿಸುವರು. ಒಗ್ಗಿದುದು ಎಲೆಗೆ ಹಿಂದಿರುಗಬೇಕು. ಬಿಡುವುದನ್ನು ಎಲ್ಲರೂ ಬಲ್ಲರು, ಮರಳಿ ಸೇರಿಸುವುದನ್ನೇ ಮರೆಯುವರು. ಪಥ್ಯ ಬಲ್ಲವರ ಸಲಹೆಯಿದ್ದರೆ ಒಳಿತು.

ಬೆಳ್ಳುಳ್ಳಿಯಲ್ಲಿ ಪೀಡೆಯನ್ನು ಕೊಡುವ ಅಂಶವು ನೀರಿನಲ್ಲಿ ಕರಗುವುದು, ಎಣ್ಣೆಯಲ್ಲಿ ಕರಗದು. ಆದುದರಿಂದ ಎಸಳುಗಳನ್ನು ಎಣ್ಣೆಯಲ್ಲಿ ಬಾಡಿಸಿ ತೆಗೆದುಹಾಕಿ ಆ ಎಣ್ಣೆಯಿಂದಲೇ ಒಗ್ಗರಣೆ ಕೊಟ್ಟರೆ ಪರಿಮಳವೂ ಉಳಿಯುವುದು, ಹೊಟ್ಟೆಯೂ ಉಳಿಯುವುದು. ಸಾರಿನಲ್ಲಿ ಕುದಿಸಿ ತೆಗೆದರೆ ಪ್ರಯೋಜನವಿಲ್ಲ. ಆ ಕೆಲವು ವಾರ ಮನೆಮಂದಿಯೆಲ್ಲ ಅದೇ ಸಾರನ್ನು ಉಣ್ಣಲಿ. ಆಯಾಸಪಟ್ಟವಳೇ ಎರಡು ಅಡುಗೆ ಮಾಡುವುದು ನ್ಯಾಯವಲ್ಲ.

ಉಳಿದಂತೆ ಹೊತ್ತಿಗೆ ಸರಿಯಾಗಿ ಊಟ, ಮಿತವಾದ ಕಾಫಿ, ನಿಯತಕಾಲದ ನಿದ್ರೆ. ಇಸಬ್‌ಗೋಲನ್ನು ಸ್ವಲ್ಪದಿಂದ ಆರಂಭಿಸಿ ಧಾರಾಳ ನೀರಿನೊಡನೆ ಸೇವಿಸಬಹುದು. ದಿನವೂ ಅರ್ಧ ಗಂಟೆಯ ನಡಿಗೆಯನ್ನು ಆಯಾಸದ ನೆವದಿಂದ ಪೂರ್ತಿ ಬಿಡಲಾಗದು. ಹತ್ತು ನಿಮಿಷದಿಂದ ತೊಡಗಿದರೂ ಸರಿ.

ಆಯಾಸಕ್ಕೆ ರಕ್ತಹೀನತೆ, ಥೈರಾಯ್ಡ್ ದೋಷಗಳೂ ಕಾರಣವಾಗಬಹುದಾದುದರಿಂದ ರಕ್ತಪರೀಕ್ಷೆ ಅವಶ್ಯಕ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಜ್ವರ, ನಿದ್ರೆಯಿಂದೆಬ್ಬಿಸುವ ಭೇದಿ, ಅಥವಾ 50 ವರ್ಷ ಕಳೆದ ಮೇಲೆ ಹೊಸದಾಗಿ ತೋರಿದ ಬಾಧೆ, ಇವುಗಳಲ್ಲಿ ಯಾವುದೊಂದಿದ್ದರೂ ಪಥ್ಯವನ್ನು ನೆಚ್ಚಿ ಕೂರದೆ ತಡಮಾಡದೆ ವೈದ್ಯರನ್ನು ಕಾಣಬೇಕು.