ಇಂಡಿಕೇಟರ್ ಹಾಕಿದರೆ ಬೈಕಿನ ಬ್ಯಾಟರಿ ಇಳಿಯುತ್ತದೆಯೇ?

"ಸುಮ್ಮಸುಮ್ಮನೆ ಇಂಡಿಕೇಟರ್ ಹಾಕಬ್ಯಾಡ, ಬ್ಯಾಟರಿ ಇಳೀತದ." ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಊರುಗಳಲ್ಲಿ ಬೈಕ್ ಓಡಿಸುವವರಿಗೆ ಈ ಮಾತು ಹೊಸದಲ್ಲ. ಇಂಡಿಕೇಟರ್ ಮಿನುಗದೆ ಸುಮ್ಮನೆ ಉರಿಯತೊಡಗಿದರೆ, ಹಾರ್ನ್ ಸಣ್ಣಗಾದರೆ, ಸೆಲ್ಫ್ ಹಿಡಿಯದಿದ್ದರೆ ಮೊದಲು ಬೈಗುಳ ತಿನ್ನುವುದು ಇಂಡಿಕೇಟರ್. ಎರಡನೆಯ ಮಾತು, "ಬ್ಯಾಟರಿ ಹೋಗ್ಯಾದ, ಹೊಸಾದು ಹಾಕಿಸು."

ಎರಡು ಮಾತೂ ಬಹಳ ಸಲ ತಪ್ಪು. ಇಂಡಿಕೇಟರ್ ಬ್ಯಾಟರಿಯನ್ನು ಕೊಲ್ಲುವುದಿಲ್ಲ, ಬ್ಯಾಟರಿಗೆ ಹುಷಾರಿಲ್ಲ ಎಂದು ಮೊದಲು ಹೇಳುವುದೇ ಅದು. ಆ ಸೂಚನೆಯನ್ನು ಓದಲು ಕಲಿತರೆ ಬೇಡದ ಹೊಸ ಬ್ಯಾಟರಿಯ ಖರ್ಚು ಉಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ರಸ್ತೆಯಲ್ಲಿ ಜೀವ ಉಳಿಯುತ್ತದೆ.

ಇದೇಕೆ ಸಣ್ಣ ವಿಷಯವಲ್ಲ?

ಹಿರೋಳ್ಳಿಯನ್ನೇ ತೆಗೆದುಕೊಳ್ಳೋಣ. ಆಳಂದ ತಾಲ್ಲೂಕಿನ ಈ ಊರು ಮಹಾರಾಷ್ಟ್ರದ ಗಡಿಯಲ್ಲಿದೆ. ಒಂದು ಕಡೆ ಆಳಂದ, ಕಲಬುರಗಿ. ಇನ್ನೊಂದು ಕಡೆ ವಾಗ್ದರಿ, ಅಕ್ಕಲಕೋಟೆ. ಇಂಥ ಗಡಿ ರಸ್ತೆಯಲ್ಲಿ ಲಾರಿ, ಬಸ್ಸು, ಜೀಪುಗಳ ನಡುವೆಯೇ ಹೊಲಕ್ಕೆ ಹೋಗುವ ಬೈಕುಗಳೂ ಓಡಾಡುತ್ತವೆ. ಕಬ್ಬು ಕಡಿಯುವ ಕಾಲದಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳೂ ಸೇರಿಕೊಳ್ಳುತ್ತವೆ. ಹೊಲದ ದಾರಿಗೆ ತಿರುಗುವಲ್ಲಿ ಸಿಗ್ನಲ್ ಇರುವುದಿಲ್ಲ, ಬೀದಿದೀಪವೂ ಇರುವುದಿಲ್ಲ. ಮುಂದಿನ ಬೈಕ್ ಬಲಕ್ಕೆ ತಿರುಗುತ್ತದೆ ಎಂದು ಹಿಂದಿನ ವಾಹನಕ್ಕೆ ತಿಳಿಸಲು ಕತ್ತಲಲ್ಲಿ ಇರುವುದು ಆ ಹಳದಿ ದೀಪವೊಂದೇ.

2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅವರಲ್ಲಿ ಶೇಕಡ 44.5ರಷ್ಟು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಬ್ಯಾಟರಿ ಉಳಿಸಲು ಇಂಡಿಕೇಟರ್ ಬಿಡುವುದು ಎಂಥ ಉಳಿತಾಯ ಎಂಬುದನ್ನು ಈ ಅಂಕಿಯ ಪಕ್ಕದಲ್ಲಿಟ್ಟು ನೋಡಬೇಕು.

ಲೆಕ್ಕ ಹಾಕಿ ನೋಡೋಣ

ಮಾಮೂಲಿ ಬೈಕಿನ ಒಂದು ಇಂಡಿಕೇಟರ್ ಬಲ್ಬು 10 ವ್ಯಾಟ್. ಮುಂದೊಂದು, ಹಿಂದೊಂದು ಸೇರಿ 20 ವ್ಯಾಟ್. ದೀಪ ಮಿನುಗುವುದರಿಂದ ಅರ್ಧ ಹೊತ್ತು ಆರಿರುತ್ತದೆ. ಹಾಗಾಗಿ ಸರಾಸರಿ 10 ವ್ಯಾಟ್. 12 ವೋಲ್ಟ್ ಬ್ಯಾಟರಿಯಿಂದ ಇದಕ್ಕೆ ಬೇಕಾಗುವ ಕರೆಂಟು ಒಂದು ಆಂಪಿಯರ್‌ಗಿಂತ ಕಡಿಮೆ, ಸುಮಾರು 0.8.

ಒಂದು ತಿರುವಿಗೆ 15 ಸೆಕೆಂಡು ಇಂಡಿಕೇಟರ್ ಹಾಕಿದಿರಿ ಎಂದುಕೊಳ್ಳಿ. 4 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಅದು ಸಾವಿರದಲ್ಲಿ ಒಂದು ಪಾಲಿನಷ್ಟೂ ಆಗುವುದಿಲ್ಲ. ಇದೂ ಎಂಜಿನ್ ಬಂದ್ ಇದ್ದಾಗಿನ ಲೆಕ್ಕ. ಗಾಡಿ ಓಡುತ್ತಿರುವಾಗ ಎಂಜಿನ್ ಒಳಗಿನ ಕಾಯಿಲ್ ಕರೆಂಟು ತಯಾರಿಸುತ್ತಿರುತ್ತದೆ, ಇಂಡಿಕೇಟರ್ ಅದರಿಂದಲೇ ಉರಿಯುತ್ತದೆ. ಬ್ಯಾಟರಿಗೆ ಭಾರವೇ ಇಲ್ಲ.

ಹಾಗಾದರೆ ಬ್ಯಾಟರಿಯನ್ನು ನಿಜವಾಗಿ ಹಿಂಡುವುದು ಯಾವುದು? ಸೆಲ್ಫ್ ಸ್ಟಾರ್ಟ್. ಅದರ ಮೋಟರು ಕೆಲವು ಕ್ಷಣಗಳ ಮಟ್ಟಿಗೆ ಹತ್ತಾರು ಆಂಪಿಯರ್ ಎಳೆಯುತ್ತದೆ. 50 ಆಂಪಿಯರ್ ಎಂದು ಹಿಡಿದರೆ, ಎರಡು ಸೆಕೆಂಡು ಸೆಲ್ಫ್ ಒತ್ತುವುದು ಎಂಟು ಸಲ ಇಂಡಿಕೇಟರ್ ಹಾಕಿದ್ದಕ್ಕೆ ಸಮ. ಅಷ್ಟನ್ನು ಮರಳಿ ತುಂಬಲು, ಬ್ಯಾಟರಿಗೆ ಅರ್ಧ ಆಂಪಿಯರ್ ಹೋಗುತ್ತಿದೆ ಎಂದುಕೊಂಡರೂ, ಮೂರ್ನಾಲ್ಕು ನಿಮಿಷ ಗಾಡಿ ಓಡಬೇಕು.

ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಹೊಲಕ್ಕೆ, ಪ್ರತಿ ಸಲವೂ ಎರಡು ನಿಮಿಷದ ಓಟ, ಪ್ರತಿ ಸಲವೂ ಸೆಲ್ಫ್. ಹೀಗೆ ಓಡುವ ಗಾಡಿಯ ಬ್ಯಾಟರಿ ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ಸಾಲಕ್ಕೆ ಬೀಳುತ್ತದೆ. ಒಂದು ದಿನ ಇಂಡಿಕೇಟರ್ ಮಿನುಗುವುದು ನಿಲ್ಲುತ್ತದೆ. ಆಗ ಕಣ್ಣಿಗೆ ಬೀಳುವುದು ಇಂಡಿಕೇಟರ್, ಸಾಲ ಮಾಡಿದ್ದು ಸೆಲ್ಫ್.

ಬಿಸಿಲು ಎಂಬ ನಿಜವಾದ ಶತ್ರು

ಬ್ಯಾಟರಿಯ ಒಳಗೆ ಇರುವುದು ಸೀಸದ ಫಲಕಗಳು ಮತ್ತು ನೀರು ಬೆರೆಸಿದ ಗಂಧಕಾಮ್ಲ. 1859ರಲ್ಲಿ ಫ್ರಾನ್ಸಿನ ಗಾಸ್ತೋನ್ ಪ್ಲಾಂಟೆ ಕಂಡುಹಿಡಿದ ಈ ಉಪಾಯವೇ ಇವತ್ತಿಗೂ ನಮ್ಮ ಬಹುತೇಕ ಬೈಕುಗಳಲ್ಲಿದೆ. ಬ್ಯಾಟರಿ ಕರೆಂಟು ಕೊಡುವಾಗ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಚಾರ್ಜ್ ಆಗುವಾಗ ಅದು ಕರಗಿ ಹೋಗುತ್ತದೆ. ಬ್ಯಾಟರಿಯನ್ನು ಇಳಿದ ಸ್ಥಿತಿಯಲ್ಲೇ ವಾರಗಟ್ಟಲೆ ಬಿಟ್ಟರೆ ಆ ಸಲ್ಫೇಟ್ ಗಟ್ಟಿ ಹರಳಾಗುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಪೂರ್ತಿ ಕರಗುವುದಿಲ್ಲ.

ಕಲಬುರಗಿ ಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಪಾರಾ 42 ಡಿಗ್ರಿ ದಾಟುವುದು ಮಾಮೂಲು. ಬಿಸಿಲಲ್ಲಿ ನಿಂತ ಗಾಡಿಯ ಸೀಟಿನ ಕೆಳಗೆ ಅದಕ್ಕಿಂತ ಹೆಚ್ಚು ಕಾವು. ಉಷ್ಣತೆ 10 ಡಿಗ್ರಿ ಏರಿದರೆ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆಗಳು ಸುಮಾರು ಎರಡು ಪಟ್ಟು ಚುರುಕಾಗುತ್ತವೆ ಎಂಬುದು ಅಂದಾಜಿನ ನಿಯಮ. ಸುಮ್ಮನೆ ನಿಂತಿದ್ದರೂ ಚಾರ್ಜ್ ಇಳಿಯುವುದು, ಫಲಕ ಸವೆಯುವುದು, ನೀರು ಆರುವುದು ಎಲ್ಲವೂ ಬೇಗ ಬೇಗ ನಡೆಯುತ್ತವೆ. ಬೇಸಿಗೆಯಲ್ಲಿ ಬಡಕಲಾದ ಬ್ಯಾಟರಿ ಮಳೆಗಾಲದಲ್ಲೋ ಚಳಿಗಾಲದಲ್ಲೋ ಕೈಕೊಡುತ್ತದೆ. ನಾವು ಚಳಿಯನ್ನು ಬೈಯುತ್ತೇವೆ, ಕೆಡಿಸಿದ್ದು ಬಿಸಿಲು. ಗಾಡಿಯನ್ನು ಬೇವಿನ ಮರದ ನೆರಳಿಗೆ ನಿಲ್ಲಿಸುವುದು ಸೀಟಿಗೆ ಮಾತ್ರವಲ್ಲ, ಬ್ಯಾಟರಿಗೂ ಒಳ್ಳೆಯದು.

ಇಂಡಿಕೇಟರ್ ಏನು ಹೇಳುತ್ತಿದೆ?

ಇಂಡಿಕೇಟರ್ ನಿಮಿಷಕ್ಕೆ 60ರಿಂದ 120 ಸಲ ಮಿನುಗಬೇಕು. ಮಿನುಗಿಸುವುದು ಫ್ಲ್ಯಾಶರ್ ಎಂಬ ಪುಟ್ಟ ಡಬ್ಬಿ. ಹಳೆಯ ಗಾಡಿಗಳಲ್ಲಿ ಇದರೊಳಗೆ ಎರಡು ಲೋಹ ಬೆಸೆದ ಪಟ್ಟಿ ಇರುತ್ತದೆ. ಕರೆಂಟು ಹರಿದು ಬಿಸಿಯಾದಾಗ ಬಾಗುತ್ತದೆ, ತಣ್ಣಗಾದಾಗ ಮರಳುತ್ತದೆ. ಹೊಸ ಗಾಡಿಗಳಲ್ಲಿ ಎಲೆಕ್ಟ್ರಾನಿಕ್ ಫ್ಲ್ಯಾಶರ್. ಮಿನುಗುವ ರೀತಿ ಬದಲಾದರೆ ಅದರ ಅರ್ಥ ಹೀಗಿರಬಹುದು.

ಒಂದು ಕಡೆ ಮಾತ್ರ ಬಹಳ ಬೇಗ ಅಥವಾ ಬಹಳ ನಿಧಾನ ಮಿನುಗುತ್ತಿದೆಯೇ? ಆ ಕಡೆಯ ಒಂದು ಬಲ್ಬು ಸುಟ್ಟಿದೆ, ಇಲ್ಲವೇ ಹೋಲ್ಡರ್ ತುಕ್ಕು ಹಿಡಿದಿದೆ. ಬ್ಯಾಟರಿಗೂ ಇದಕ್ಕೂ ಸಂಬಂಧವಿಲ್ಲ. ಬ್ಯಾಟರಿಯ ದೋಷವಾಗಿದ್ದರೆ ಎರಡೂ ಕಡೆ ಕಾಣಬೇಕಿತ್ತು.

ಎಲ್‌ಇಡಿ ಹಾಕಿಸಿದ ಮೇಲೆ ಎರಡೂ ಕಡೆ ಬೇಗ ಮಿನುಗುತ್ತಿದೆಯೇ? ಎಲ್‌ಇಡಿ ಎಳೆಯುವ ಕರೆಂಟು ತೀರ ಕಡಿಮೆ. ಹಳೆಯ ಫ್ಲ್ಯಾಶರ್ ಅದನ್ನು "ಬಲ್ಬು ಸುಟ್ಟಿದೆ" ಎಂದು ತಿಳಿಯುತ್ತದೆ. ಎಲ್‌ಇಡಿಗೆ ಹೊಂದುವ ಫ್ಲ್ಯಾಶರ್ ಹಾಕಿಸಿದರೆ ಸರಿಹೋಗುತ್ತದೆ.

ರೇಸ್ ಕೊಟ್ಟಾಗ ಮಿನುಗಿ, ಗಾಡಿ ನಿಂತಾಗ ನಿಲ್ಲುತ್ತದೆಯೇ? ಇದು ಬ್ಯಾಟರಿಯತ್ತ ಕೈ ತೋರುವ ಲಕ್ಷಣ. ಎಂಜಿನ್ ನಿಧಾನ ತಿರುಗುವಾಗ ಕಾಯಿಲ್‌ನಿಂದ ಬರುವ ಕರೆಂಟು ಸಾಲುವುದಿಲ್ಲ. ಕೊರತೆಯನ್ನು ಬ್ಯಾಟರಿ ತುಂಬಬೇಕು. ಅದರಲ್ಲಿ ಕಸುವಿಲ್ಲದಿದ್ದರೆ ವೋಲ್ಟ್ ಕುಸಿಯುತ್ತದೆ.

ಇಂಡಿಕೇಟರ್ ಹಾಕಿದರೆ ಹಿಂದಿನ ದೀಪವೂ ಜೊತೆಗೆ ಮಿನುಗುತ್ತಿದೆಯೇ? ಅರ್ತಿಂಗ್ ಸರಿಯಿಲ್ಲ. ಮರಳುವ ದಾರಿ ಕಟ್ಟಿದಾಗ ಕರೆಂಟು ಬೇರೊಂದು ಬಲ್ಬಿನ ಮೂಲಕ ದಾರಿ ಹುಡುಕುತ್ತದೆ. ಮಡ್‌ಗಾರ್ಡ್ ಬಳಿ ತುಕ್ಕು ಹಿಡಿದ ಬೋಲ್ಟನ್ನು ಉಜ್ಜಿ ಬಿಗಿ ಮಾಡಿದರೆ ಎಷ್ಟೋ ಸಲ ಸಾಕು.

ಯಾವ ಕಡೆಯೂ ಉರಿಯುವುದಿಲ್ಲ, ಆದರೆ ಹಾರ್ನ್ ಜೋರಾಗಿದೆಯೇ? ಬ್ಯಾಟರಿ ಸರಿಯಿದೆ. ಫ್ಲ್ಯಾಶರ್, ಸ್ವಿಚ್ಚು ಅಥವಾ ವೈರು ನೋಡಿ. ಕರಿಮಣ್ಣಿನ ನುಣ್ಣನೆ ಧೂಳು ಸ್ವಿಚ್ಚಿನೊಳಗೆ ಕೂರುತ್ತದೆ, ರಾಶಿ ಇಟ್ಟ ಮನೆಯಲ್ಲಿ ಇಲಿ ವೈರು ಕಡಿಯುತ್ತದೆ.

ಹೊಸ ಬ್ಯಾಟರಿ ಕೊಳ್ಳುವ ಮೊದಲು ಮೂರು ಅಳತೆ

ಮಲ್ಟಿಮೀಟರ್ ಈಗ ದುಬಾರಿ ಸಾಮಾನಲ್ಲ, ಗ್ಯಾರೇಜಿನಲ್ಲೂ ಇರುತ್ತದೆ. ಮೂರು ಅಳತೆಗೆ ಐದು ನಿಮಿಷ ಸಾಕು.

ಮೊದಲನೆಯದು, ಗಾಡಿ ರಾತ್ರಿಯಿಡೀ ನಿಂತ ಮೇಲೆ ಬೆಳಿಗ್ಗೆ ಬ್ಯಾಟರಿಯ ಎರಡು ತುದಿಗೆ ಮೀಟರ್ ಹಿಡಿಯಿರಿ. 12.6 ವೋಲ್ಟ್ ಅಥವಾ ಹೆಚ್ಚಿದ್ದರೆ ತುಂಬಿದೆ. 12.2 ಎಂದರೆ ಅರ್ಧ ಇಳಿದಿದೆ. 12ಕ್ಕಿಂತ ಕೆಳಗಿದ್ದರೆ ಕೂಡಲೇ ಚಾರ್ಜ್ ಮಾಡಿಸಬೇಕು.

ಎರಡನೆಯದು, ಸೆಲ್ಫ್ ಒತ್ತಿದಾಗಿನ ಅಳತೆ. 12.6 ಇದ್ದ ಬ್ಯಾಟರಿ ಸೆಲ್ಫ್ ಒತ್ತಿದ ಕ್ಷಣ 9 ವೋಲ್ಟಿಗಿಂತ ಕೆಳಗೆ ಬೀಳುತ್ತಿದ್ದರೆ ಅದರ ಆಯಸ್ಸು ಮುಗಿಯುತ್ತಾ ಬಂದಿದೆ.

ಮೂರನೆಯದೇ ಎಲ್ಲಕ್ಕಿಂತ ಮುಖ್ಯ. ಎಂಜಿನ್ ಚಾಲೂ ಮಾಡಿ, ಸ್ವಲ್ಪ ರೇಸ್ ಕೊಟ್ಟು ಹಿಡಿದು ಅಳೆಯಿರಿ. 13.5ರಿಂದ 14.5 ವೋಲ್ಟ್ ಆಸುಪಾಸು ಇರಬೇಕು. 13 ದಾಟುತ್ತಲೇ ಇಲ್ಲವೆಂದರೆ ಬ್ಯಾಟರಿಗೆ ಊಟವೇ ಸಿಗುತ್ತಿಲ್ಲ. ಕಾಯಿಲ್, ಆರ್‌ಆರ್ ಯುನಿಟ್ ಅಥವಾ ನಡುವಿನ ಕನೆಕ್ಟರ್ ಕೆಟ್ಟಿದೆ. 15 ದಾಟುತ್ತಿದ್ದರೆ ಆರ್‌ಆರ್ ಯುನಿಟ್ ಕರೆಂಟನ್ನು ತಡೆಯುತ್ತಿಲ್ಲ. ಬ್ಯಾಟರಿ ಕುದಿಯುತ್ತದೆ, ಬಲ್ಬುಗಳು ಪದೇಪದೇ ಸುಡುತ್ತವೆ. ಎರಡೂ ಸಂದರ್ಭದಲ್ಲಿ ಹೊಸ ಬ್ಯಾಟರಿ ಹಾಕಿಸಿದರೆ ಅದೂ ಕೆಲವೇ ದಿನಗಳಲ್ಲಿ ಹಳೆಯದರ ದಾರಿ ಹಿಡಿಯುತ್ತದೆ. "ಬ್ಯಾಟರಿ ಡೂಪ್ಲಿಕೇಟ್ ಇತ್ತು" ಎಂಬ ಎಷ್ಟೋ ದೂರುಗಳ ಹಿಂದೆ ಈ ಮೂರನೆಯ ಅಳತೆಯನ್ನು ಯಾರೂ ನೋಡದಿರುವುದೇ ಕಾರಣ.

ಈ ಮಾತುಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು?

"ನೀರು ಕಡಿಮೆಯಾದರೆ ಆಸಿಡ್ ಹಾಕಬೇಕು." ಸುಳ್ಳು. ಆರಿ ಹೋಗುವುದು ನೀರು, ಆಮ್ಲ ಒಳಗೇ ಉಳಿದಿರುತ್ತದೆ. ಮತ್ತೆ ಆಮ್ಲ ಸುರಿದರೆ ಫಲಕಗಳನ್ನು ತಿನ್ನುತ್ತದೆ. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು. ಬೋರ್‌ವೆಲ್ ನೀರಂತೂ ಬೇಡವೇ ಬೇಡ. ಶುದ್ಧ ಕುಡಿಯುವ ನೀರಿನ ಘಟಕದ ನೀರಿನಲ್ಲೂ ಸ್ವಲ್ಪ ಲವಣ ಉಳಿದಿರುತ್ತದೆ. ಮೇಂಟೆನೆನ್ಸ್ ಫ್ರೀ ಬ್ಯಾಟರಿಯನ್ನು ಮಾತ್ರ ತೆರೆಯಲೇಬಾರದು.

"ಫ್ಯೂಸ್ ಸುಟ್ಟರೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿದರಾಯಿತು." ಗಾಡಿ ಚಾಲೂ ಆಗುವುದು ನಿಜ, ಆದರೆ ಅಪಾಯ. ಫ್ಯೂಸ್ ಸುಟ್ಟಿದೆ ಎಂದರೆ ಎಲ್ಲೋ ವೈರು ತಾಗುತ್ತಿದೆ. ಮುಂದಿನ ಸಲ ಫ್ಯೂಸಿನ ಬದಲು ವೈರು ಸುಡುತ್ತದೆ, ಅದು ಇರುವುದು ಪೆಟ್ರೋಲ್ ಟ್ಯಾಂಕಿನ ಕೆಳಗೆ.

"ಬ್ಯಾಟರಿ ಸತ್ತರೂ ಕಿಕ್ ಹೊಡೆದು ಓಡಿಸಬಹುದು." ಹಳೆಯ ಕಾರ್ಬುರೇಟರ್ ಗಾಡಿಗಳಲ್ಲಿ ಬಹುಮಟ್ಟಿಗೆ ನಿಜ. 2020ರ ಏಪ್ರಿಲ್‌ನಿಂದ ಬಿಎಸ್-6 ನಿಯಮ ಬಂದ ಮೇಲಿನ ಫ್ಯೂಯೆಲ್ ಇಂಜೆಕ್ಷನ್ ಗಾಡಿಗಳಲ್ಲಿ ಪೆಟ್ರೋಲ್ ಪಂಪಿಗೂ ಕಂಪ್ಯೂಟರಿಗೂ ಕರೆಂಟು ಬೇಕು. ಬ್ಯಾಟರಿ ಪೂರ್ತಿ ಸತ್ತರೆ ಎಷ್ಟು ಕಿಕ್ ಹೊಡೆದರೂ ಚಾಲೂ ಆಗದಿರಬಹುದು.

"ನೇರ ಹೋಗುವಾಗ ನಾಲ್ಕೂ ಇಂಡಿಕೇಟರ್ ಹಾಕಬೇಕು." ತಪ್ಪು. ಅಡ್ಡರಸ್ತೆಯಿಂದ ಬರುವವರಿಗೆ ನಿಮ್ಮ ಗಾಡಿಯ ಒಂದೇ ಬದಿ ಕಾಣುತ್ತದೆ. ನೀವು ತಿರುಗುತ್ತೀರಿ ಎಂದೇ ಅವರು ನುಗ್ಗುತ್ತಾರೆ.

"ಬ್ಯಾಟರಿ ತುದಿಗಳಿಗೆ ವ್ಯಾಸಲೀನ್ ಹಚ್ಚಬೇಕು." ನಿಜ. ತುಕ್ಕು ಉಜ್ಜಿ ತೆಗೆದು, ವೈರು ಬಿಗಿದ ಮೇಲೆ ತೆಳ್ಳಗೆ ಹಚ್ಚಿದರೆ ತೇವ ತಾಗುವುದಿಲ್ಲ, ಬಿಳಿ ಪುಡಿ ಕಟ್ಟುವುದಿಲ್ಲ.

ಕೈಯಲ್ಲಿ ಮಾಡುವಾಗ ಎಚ್ಚರ

ಬ್ಯಾಟರಿ ಬಿಚ್ಚುವಾಗ ಮೊದಲು ಮೈನಸ್ ವೈರು, ಹಾಕುವಾಗ ಕೊನೆಗೆ ಮೈನಸ್ ವೈರು. ಹೀಗೆ ಮಾಡಿದರೆ ಪಾನಾ ತಪ್ಪಿ ಚಾಸಿಗೆ ತಾಗಿದರೂ ಕಿಡಿ ಹಾರುವುದಿಲ್ಲ. ಚಾರ್ಜ್ ಆಗುವ ಬ್ಯಾಟರಿಯಿಂದ ಬೆಂಕಿ ಹೊತ್ತಿಕೊಳ್ಳುವ ಹೈಡ್ರೋಜನ್ ಬರಬಹುದು. ಹತ್ತಿರ ಬೀಡಿ, ಕಡ್ಡಿ ಹಚ್ಚಬಾರದು. ಆಮ್ಲ ಮೈಗೆ ತಾಗಿದರೆ ಧಾರಾಳ ನೀರಿನಲ್ಲಿ ತೊಳೆಯಬೇಕು; ಕಣ್ಣಿಗೆ ಬಿದ್ದರೆ ತೊಳೆಯುತ್ತಲೇ ದವಾಖಾನೆಗೆ ಹೋಗಬೇಕು. ಹಳೆಯ ಬ್ಯಾಟರಿಯನ್ನು ಮನೆಯಲ್ಲಿ ಒಡೆಯಬಾರದು. ಅದರಲ್ಲಿರುವ ಸೀಸ ಮಕ್ಕಳ ಮಿದುಳಿಗೆ ವಿಷ. ಹೊಸದು ಕೊಳ್ಳುವಾಗ ಅಂಗಡಿಗೇ ಮರಳಿಸಿದರೆ ಬೆಲೆಯಲ್ಲೂ ಸ್ವಲ್ಪ ಇಳಿಯುತ್ತದೆ.

ಕೊನೆಯದಾಗಿ

ದಿನಕ್ಕೊಮ್ಮೆ ಮೊದಲ ಸ್ಟಾರ್ಟನ್ನು ಕಿಕ್‌ನಲ್ಲಿ ಮಾಡಿ, ಕಿಕ್ ಇದ್ದರೆ. ವಾರಕ್ಕೊಮ್ಮೆಯಾದರೂ ಗಾಡಿಯನ್ನು ಅರ್ಧ ತಾಸು ಒಂದೇ ಸಮನೆ ಓಡಿಸಿ. ಹೊಲಕ್ಕೆ ಹೋಗಿ ಬರುವ ಓಟ ಬ್ಯಾಟರಿಗೆ ಸಾಲುವುದಿಲ್ಲ, ಆಳಂದಕ್ಕೋ ಕಲಬುರಗಿಗೋ ಹೋಗುವ ಓಟ ಸಾಲುತ್ತದೆ. ದಾರಿಯಲ್ಲೇ ಇಂಡಿಕೇಟರ್ ಕೈಕೊಟ್ಟರೆ ವೇಗ ಇಳಿಸಿ, ಕನ್ನಡಿ ನೋಡಿ, ಕೈ ಚಾಚಿ ತೋರಿಸಿ. ಮೋಟಾರು ವಾಹನ ಕಾಯ್ದೆಯಲ್ಲೂ ಕೈ ಸನ್ನೆಗೆ ಜಾಗವಿದೆ. ಆದರೆ ಕತ್ತಲಲ್ಲಿ ಕೈ ಕಾಣುವುದಿಲ್ಲ. ಹಾಗಾಗಿ ಕತ್ತಲಾಗುವ ಮೊದಲೇ ಅದನ್ನು ರಿಪೇರಿ ಮಾಡಿಸಿ, ತಿರುಗುವಾಗಲೆಲ್ಲ ಧಾರಾಳವಾಗಿ ಇಂಡಿಕೇಟರ್ ಹಾಕಿ. ಅದರಿಂದ ಬ್ಯಾಟರಿ ಇಳಿಯುವುದಿಲ್ಲ.