ತರಬೇತುದಾರರನ್ನು ಹುಡುಕುವಾಗ ಕಲಿಯುವವರನ್ನೂ ಕೇಳಬೇಕು

ನಮ್ಮಲ್ಲಿ ಹೆಚ್ಚಿನವರು ಬೇಸ್‌ಬಾಲ್ ಪಂದ್ಯವನ್ನು ಪೂರ್ತಿ ನೋಡಿರಲಾರರು. ಆದರೂ ಅಮೆರಿಕದ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯವು 2024ರಲ್ಲಿ ತನ್ನ ಬೇಸ್‌ಬಾಲ್ ತಂಡಕ್ಕೆ ಹೊಸ ಮುಖ್ಯ ತರಬೇತುದಾರರನ್ನು ಹುಡುಕಿದ ಪ್ರಸಂಗವನ್ನು ಪ್ರಶಿಕ್ಷಣಾರ್ಥಿಗಳಾದ ನಾವು ಗಮನಿಸಬೇಕು. ತರಬೇತುದಾರರೂ ಶಿಕ್ಷಕರೇ. ಮೈದಾನವೇ ಅವರ ತರಗತಿ.

ಆ ವರ್ಷ ಜೂನ್ 24ರಂದು ಒಮಾಹಾ ನಗರದಲ್ಲಿ ನಡೆದ ಕಾಲೇಜು ವಿಶ್ವ ಸರಣಿಯ ನಿರ್ಣಾಯಕ ಪಂದ್ಯದಲ್ಲಿ ಈ ತಂಡ ಟೆನ್ನೆಸ್ಸೀ ಎದುರು 6–5ರಿಂದ ಸೋತಿತು. ಆಗ ಮುಖ್ಯ ತರಬೇತುದಾರರಾಗಿದ್ದವರು ಜಿಮ್ ಶ್ಲಾಸ್‌ನೇಗಲ್. ನೀವು ಬೇರೆ ಕಡೆ ಹೋಗುತ್ತೀರಾ ಎಂದು ಪಂದ್ಯದ ನಂತರ ಪತ್ರಕರ್ತರೊಬ್ಬರು ಕೇಳಿದಾಗ ಅವರು ಸಿಟ್ಟಾದರು. ಮತ್ತೊಂದು ಕೆಲಸ ಹುಡುಕಲು ತಾವು ಇಲ್ಲಿಗೆ ಬಂದವರಲ್ಲ ಎಂಬ ಅರ್ಥದಲ್ಲಿ ಉತ್ತರಿಸಿದರು. ಮರುದಿನವೇ ಅವರು ಹಳೆಯ ಎದುರಾಳಿ ಟೆಕ್ಸಾಸ್ ವಿಶ್ವವಿದ್ಯಾಲಯದ ತರಬೇತುದಾರರೆಂಬ ಘೋಷಣೆ ಹೊರಬಿತ್ತು. ಕೆಲವು ಆಟಗಾರರು ಬೇರೆ ಕಾಲೇಜಿಗೆ ವರ್ಗವಾಗಲು ಹೆಸರು ಕೊಟ್ಟರು.

ಇದನ್ನು ಓದಿದಾಗ ನನಗೆ ಅವರ ಮೇಲೆ ಕೋಪ ಬರಲಿಲ್ಲ, ನನ್ನ ಬಗ್ಗೆ ನಾಚಿಕೆಯಾಯಿತು. ಅಭ್ಯಾಸ ಬೋಧನೆಯ ಕೊನೆಯ ವಾರ ಒಂಬತ್ತನೇ ತರಗತಿಗೆ ಬಹುಪದೋಕ್ತಿಗಳ ಪಾಠ ಮಾಡುತ್ತಿದ್ದೆ. ಶೇಷ ಪ್ರಮೇಯ ಆಗಷ್ಟೇ ಶುರುವಾಗಿತ್ತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಸರ್, ಸೋಮವಾರನೂ ನೀವೇ ಬರ್ತೀರಾ?" ಎಂದಳು. ಶನಿವಾರವೇ ನನ್ನ ಕೊನೆಯ ದಿನವೆಂದು ಗೊತ್ತಿದ್ದೂ "ಬರ್ತೀನಿ, ಮೊದಲು ಲೆಕ್ಕ ಮುಗಿಸು" ಎಂದುಬಿಟ್ಟೆ. ತರಗತಿಯ ಶಿಸ್ತು ಕೆಡಬಾರದು ಎನ್ನುವುದು ನನ್ನ ಸಮಜಾಯಿಷಿ. ಆ ಅವಧಿಯ ಅವಲೋಕನ ಹಾಳೆಯಲ್ಲಿ ನನಗೆ ಒಳ್ಳೆಯ ಅಂಕಗಳೇ ಬಂದವು. ಆ ಸುಳ್ಳನ್ನು ಬರೆಯಲು ಅದರಲ್ಲಿ ಕಾಲಂ ಇರಲಿಲ್ಲ.

ಎ ಅಂಡ್ ಎಂ ಹುಡುಕಾಟಕ್ಕೆ ಒಂದು ವಾರವೂ ಹಿಡಿಯಲಿಲ್ಲ. ಬ್ಯಾಟಿಂಗ್ ಕಲಿಸುತ್ತಿದ್ದ ಸಹಾಯಕ ತರಬೇತುದಾರ ಮೈಕಲ್ ಅರ್ಲಿ ಅವರೇ ಬೇಕೆಂದು ಆಟಗಾರರು ಬಹಿರಂಗವಾಗಿ ಹೇಳಿದರು. ಜೂನ್ ಮುಗಿಯುವಷ್ಟರಲ್ಲಿ ವಿಶ್ವವಿದ್ಯಾಲಯ ಅವರನ್ನೇ ನೇಮಿಸಿತು. ಹೊರಡಲು ಸಿದ್ಧರಾಗಿದ್ದ ಕೆಲವರು ಮರಳಿ ಬಂದರು.

ಕಥೆ ಇಲ್ಲಿಗೇ ಮುಗಿದಿದ್ದರೆ ನೀತಿ ಹೇಳುವುದು ಸುಲಭವಾಗುತ್ತಿತ್ತು. ಆದರೆ 2025ರ ಋತುವಿಗೆ ಮುನ್ನ ದೇಶದಲ್ಲೇ ಮೊದಲ ಸ್ಥಾನದ ನಿರೀಕ್ಷೆ ಹೊತ್ತಿದ್ದ ಆ ತಂಡ 64 ತಂಡಗಳ ರಾಷ್ಟ್ರೀಯ ಟೂರ್ನಿಗೂ ಆಯ್ಕೆಯಾಗಲಿಲ್ಲ. ಅತ್ತ ಶ್ಲಾಸ್‌ನೇಗಲ್ ಅವರ ಟೆಕ್ಸಾಸ್ ತಂಡ ಸೌತ್ ಈಸ್ಟರ್ನ್ ಕಾನ್ಫರೆನ್ಸ್‌ನಲ್ಲಿ ತನ್ನ ಮೊದಲ ವರ್ಷವೇ ಲೀಗ್ ಪ್ರಶಸ್ತಿ ಗೆದ್ದಿತು. ಹಾಗಾದರೆ ಆಟಗಾರರ ಮಾತು ಕೇಳಿದ್ದು ತಪ್ಪೇ?

ತಪ್ಪಲ್ಲ ಎಂದೇ ನನ್ನ ಅಭಿಪ್ರಾಯ. ಕಲಿಯುವವರನ್ನು ಕೇಳುವುದು ಸರಿ, ಏನು ಕೇಳುತ್ತೇವೆ ಎನ್ನುವುದು ಮುಖ್ಯ. "ಇವರು ನಿಮಗೆ ಇಷ್ಟವೇ?" ಎಂಬ ಪ್ರಶ್ನೆಗೆ ಬರುವ ಉತ್ತರ ಪ್ರೀತಿಯನ್ನು ತೋರಿಸುತ್ತದೆ, ಕಲಿಕೆಯನ್ನಲ್ಲ. "ಇವರಿಂದ ನೀನು ಕಲಿತದ್ದೇನು? ನೀನು ಸತತ ವಿಫಲನಾದಾಗ ಇವರು ಏನು ಮಾಡಿದರು? ಆಡುವ ಅವಕಾಶವೇ ಸಿಗದವನ ಜೊತೆ ಇವರು ಎಷ್ಟು ಹೊತ್ತು ನಿಂತಿದ್ದರು?" ಎಂದು ಕೇಳಬೇಕು. ಅಭ್ಯರ್ಥಿಯ ಗೆಲುವು ಸೋಲಿನ ಪಟ್ಟಿ ಓದಿದರಷ್ಟೇ ಸಾಲದು, ಅವರಿಂದ ಒಂದು ದಿನದ ಅಭ್ಯಾಸವನ್ನೂ ಮಾಡಿಸಿ ನೋಡಬೇಕು. ನಾವು ವಿಮರ್ಶಾ ಪಾಠ ಕೊಡುವುದಿಲ್ಲವೇ, ಹಾಗೆಯೇ. ಒಳ್ಳೆಯ ವಿಷಯ ಶಿಕ್ಷಕರೆಲ್ಲ ಒಳ್ಳೆಯ ಮುಖ್ಯೋಪಾಧ್ಯಾಯರಾಗುವುದಿಲ್ಲ ಎನ್ನುವುದೂ ನಮಗೆ ಗೊತ್ತಿರುವ ಮಾತೇ. ಬ್ಯಾಟಿಂಗ್ ಕಲಿಸುವವರು ಇಡೀ ತಂಡದ ಹೊಣೆ ಹೊರಲು ಕಲಿಯುವುದಕ್ಕೆ ಒಂದು ವರ್ಷ ಸಾಕೆಂದು ನಾವೇಕೆ ತೀರ್ಪು ಕೊಡಬೇಕು?

ಹೋಗುವವರಿಗೂ ಒಂದು ಹೊಣೆಯಿದೆ. ಇನ್ನೂ ಒಳ್ಳೆಯ ಅವಕಾಶಕ್ಕೆ ಹೋಗುವುದು ತಪ್ಪಲ್ಲ, ನಾಳೆ ನಾವೂ ವರ್ಗಾವಣೆ ಕೇಳುವವರೇ. ಆದರೆ ಹೋಗುವುದನ್ನು ಕಲಿಯುವವರಿಗೆ ಮೊದಲು ತಿಳಿಸಬೇಕು. ಯಾರು ಎಲ್ಲಿ ಎಡವುತ್ತಾರೆ ಎಂಬುದನ್ನು ಮುಂದೆ ಬರುವವರಿಗೆ ಬರೆದಿಟ್ಟು ಹೋಗಬೇಕು.

ಅದಕ್ಕೇ ನಮ್ಮ ಕಾಲೇಜಿಗೊಂದು ಸಲಹೆ. ಅಭ್ಯಾಸ ಬೋಧನೆಯ ವೇಳಾಪಟ್ಟಿಯಲ್ಲಿ ಕೊನೆಯ ಅರ್ಧ ದಿನವನ್ನು ಹಸ್ತಾಂತರಕ್ಕೆ ಮೀಸಲಿಡಿ. ಆ ಹೊತ್ತಿನಲ್ಲಿ ಪ್ರಶಿಕ್ಷಣಾರ್ಥಿ ತನ್ನ ಟಿಪ್ಪಣಿಯೊಂದಿಗೆ ಶಾಲೆಯ ವಿಷಯ ಶಿಕ್ಷಕರ ಜೊತೆ ಕುಳಿತು ಮಾತಾಡಲಿ, ಮಕ್ಕಳಿಗೆ ವಿದಾಯ ಹೇಳಲಿ. ಅಂಥ ಅರ್ಧ ದಿನ ನನಗಿದ್ದಿದ್ದರೆ ಆ ಹುಡುಗಿಗೆ ಹೀಗೆ ಹೇಳುತ್ತಿದ್ದೆ: "ಸೋಮವಾರ ನಾನು ಬರೋದಿಲ್ಲಮ್ಮ. ನಿಮ್ಮ ಟೀಚರ್ ಬರ್ತಾರೆ. ಋಣ ಚಿಹ್ನೆ ಬಂದಾಗ ನೀನು ತಡವರಿಸ್ತೀಯ ಅಂತ ಅವರಿಗೆ ಹೇಳಿದ್ದೀನಿ."